ಎರಡು ಪೊಟ್ಟಣ

ಡಂಕನ್ ಊರಿಗೆ ಹೊರಟ ವಾರ
ಸೋಫಾ ಮಾರಿದ, ಕಾರು ಮಾರಿದ, ಬೆಕ್ಕನ್ನು ಯಾರಿಗೋ ಒಪ್ಪಿಸಿದ.
ನನ್ನ ಪಾಲಿಗೆ ಬಂದದ್ದು ಒಂದು ರಟ್ಟಿನ ಡಬ್ಬ:
ಮುಚ್ಚಳಕ್ಕೆ ತೂತಿದ್ದ ಬಕೆಟ್, ರಬ್ಬರ್ ನಳಿಗೆ, ಹುರಿದ ಬಾರ್ಲಿ,
ಮುಷ್ಟಿಯಷ್ಟು ಹಾಪ್ಸಿನ ಹಸಿರು ಗುಳಿಗೆ,
ಎರಡು ಪೊಟ್ಟಣ ಯೀಸ್ಟು,
ತಳದಲ್ಲಿ ಬನಿಯನ್ ಸುತ್ತಿದ ಅರ್ಧ ಬಾಟಲಿ ಮೇಪಲ್ ಸಿರಪ್ಪು.
"ಬ್ರೌನ್ ಏಲ್ ಮಾಡು ಮಾರಾಯ" ಅಂದ.
ಮಾರಾಯ ಅನ್ನುವುದನ್ನು ನನ್ನಿಂದಲೇ ಕಲಿತವನು.

ಮನಾಮದ ಗುದೈಬಿಯ, ಮೂರನೇ ಮಹಡಿ, ಆಗಸ್ಟ್.
ತಣ್ಣೀರಿನ ನಲ್ಲಿಯೇ ಕೈ ಸುಡುತ್ತದೆ.
ಕಡಲಿನ ಉಪ್ಪು ತೆಗೆಯುವ ಕಾರ್ಖಾನೆಯಲ್ಲಿ
ಹಗಲಿಡೀ ನೀರಿನ ಗುಣ ಅಳೆಯುವವನು ನಾನು;
ರಾತ್ರಿ ಕನ್ನಡಕ ಹಣೆಗೇರಿಸಿ
ಪೊಟ್ಟಣದ ಬೆನ್ನಿನ ಇರುವೆಯಕ್ಷರ ಓದಿದೆ.

ಒಂದು ಇಂಗ್ಲೆಂಡಿನದು.
ಎಲೆಯಲ್ಲಿ ತುಸು ಬಿಟ್ಟೇ ಏಳುವ ಜಾತಿ.
ಕೆಲಸ ಮುಗಿಯಿತೆಂದರೆ ತಳಕ್ಕಿಳಿದು ಮಲಗಿಬಿಡುತ್ತದೆ.
ಇನ್ನೊಂದು ಅಮೆರಿಕದ್ದು, ಬಟ್ಟಲು ನೆಕ್ಕುವಂಥದ್ದು,
ಸಿಹಿಯ ಸುಳಿವು ಉಳಿಸುವುದಿಲ್ಲ,
ತಾನು ಬಂದು ಹೋದ ಗುರುತನ್ನೂ ಬಿಡುವುದಿಲ್ಲ.
ಸೆಕೆ ತಡೆಯುವುದು ಇದೇ, ಅಂತ ಬರೆದಿತ್ತು.

ನನ್ನ ಅಜ್ಜ ಬೊಗ್ಗು ಪೂಜಾರಿ
ಯಾವ ಪೊಟ್ಟಣವನ್ನೂ ಓದಿದವನಲ್ಲ.
ತಾಳೆಯ ತಲೆಗೆ ಕುಡಿಕೆ ಕಟ್ಟಿ ಇಳಿದರೆ
ಮಿಕ್ಕದ್ದು ಗಾಳಿಯ ಕೆಲಸ.
ನಸುಕಿಗೆ ಸಿಹಿ, ಹತ್ತಕ್ಕೆ ಕಳ್ಳು, ಸಂಜೆಗೆ ಹುಳಿ.
ಇದಕ್ಕೆ ಹುದುಗು ಹಾಕಿದ್ದು ಯಾರಜ್ಜ ಅಂದರೆ
ಸೊಂಟದ ಕತ್ತಿ ಸರಿಮಾಡಿಕೊಳ್ಳುತ್ತಿದ್ದ, ಅಷ್ಟೆ.
ಇಲ್ಲಿನ ಗಾಳಿಗೆ ಬಕೆಟ್ ತೆರೆದಿಟ್ಟರೆ
ಏನು ಬಂದು ಕೂರುತ್ತದೋ: ಮರಳು, ಡೀಸೆಲ್,
ಕೆಳಗಿನ ಶವರ್ಮಾ ಅಂಗಡಿಯ ಬೆಳ್ಳುಳ್ಳಿ.

ಇಂಗ್ಲೆಂಡಿನದನ್ನೇ ಹರಿದೆ.
ಯಾಕೆಂದು ಕೇಳಬೇಡಿ.
ಬಾತ್‌ಟಬ್ಬಿನಲ್ಲಿ ಬಕೆಟ್ ಕೂರಿಸಿ, ಒದ್ದೆ ಟವೆಲ್ ಹೊದಿಸಿ,
ಫ್ರೀಜರಿನ ಬಾಟಲಿಗಳನ್ನು ಸುತ್ತ ಕಾವಲು ನಿಲ್ಲಿಸಿದೆ.
ಜೊತೆಗಿರುವ ರೊಡೆಲ್ ಐದು ದಿನ ಮೂಲೆಯಲ್ಲಿ ನಿಂತು ಮಿಂದ.
"ಇದು ಮಾತಾಡುತ್ತದೆ" ಅಂದ.
ಹೌದು. ಗುಳುಕ್. ರಾತ್ರಿಯಿಡೀ. ಗುಳುಕ್.

ಮೇಪಲ್ ಯಾವಾಗ ಹಾಕುವುದು?
ಡಂಕನ್ನಿಗೆ ಕೇಳಿದೆ; ಅಲ್ಲಿ ಇನ್ನೂ ಬೆಳಗಿನ ಜಾವ.
"ಕುದಿಯುವಾಗ ಹಾಕಿದರೆ ಪರಿಮಳ ಹಬೆಯ ಪಾಲು,
ಮೊದಲ ದಿನ ಹಾಕಿದರೆ ಹಸಿದವರ ಪಾಲು.
ಗದ್ದಲ ಇಳಿಯಲಿ. ಆಮೇಲೂ
ಸಿಹಿಗೆ ಕಾಯಬೇಡ. ಉಳಿದರೆ ಮರ ಉಳಿಯುತ್ತದೆ."

ಆರನೇ ರಾತ್ರಿ ಮಾತು ನಿಧಾನವಾಯಿತು.
ಸುರಿದೆ. ಜೇನಿಗಿಂತ ತೆಳು.
ಬೆರಳಿಗಂಟಿದ್ದನ್ನು ನೆಕ್ಕಿದರೆ
ಓಲೆಬೆಲ್ಲದ ದೂರದ ನೆಂಟ!
ಅದೂ ಮರಕ್ಕೆ ಗಾಯಮಾಡಿ ಇಳಿಸಿದ್ದೇ ತಾನೆ.
ಡಂಕನ್ನನ ಅಜ್ಜನೂ ತೂತು ಕೊರೆದು ಬಕೆಟ್ ಕಟ್ಟುತ್ತಿದ್ದನಂತೆ;
ಹತ್ತುವ ಕಷ್ಟವೊಂದು ಅವನಿಗಿರಲಿಲ್ಲ.

ಬಾಟಲಿಗೆ ತುಂಬಿದ ದಿನ
ಎರಡನೇ ಮಹಡಿಯ ಹಿಲ್ಡಾ ಕ್ರಾಸ್ತಾ
ಬಕೆಟ್ಟಿನ ತಳದ ಕೆಸರನ್ನು ಸ್ಟೀಲ್ ಡಬ್ಬಿಗೆ ಕೆರೆದುಕೊಂಡು ಹೋದರು.
ಹದಿನೆಂಟು ವರ್ಷದಿಂದ ಅವರ ಸನ್ನಾ
ಕಳ್ಳಿಲ್ಲದೆ, ಸೋಡಾಪುಡಿಯಲ್ಲಿ ಮುಖ ಊದಿಸಿಕೊಂಡಿತ್ತು.

ಮೂರು ವಾರ ಕಳೆದು ಮುಚ್ಚಳ ತೆಗೆದೆವು.
ಕರಟದ ಬಣ್ಣ, ತೆಳ್ಳನೆಯ ನೊರೆ.
ರೊಡೆಲ್ ಒಂದೇ ಗುಟುಕಿಗೆ "ಮರ" ಅಂದ.
ನನಗೆ ಬರೀ ಕಹಿ.
ಆಮೇಲೆ ಕರೆಂಟು ಹೋಗಿ ಎಸಿ ನಿಂತು,
ಲೋಟ ಬೆಚ್ಚಗಾದ ಮೇಲೆ,
ಯಾರೋ ಪಕ್ಕದ ಕೋಣೆಯಲ್ಲಿ ಓಲೆ ಮುರಿದ ಹಾಗೆ
ಬಂತು, ಹೋಯಿತು.

ಶುಕ್ರವಾರ ಇಗರ್ಜಿ ಮುಗಿಸಿ ಹಿಲ್ಡಾ ತಟ್ಟೆ ತಂದರು.
ತುಸು ಕಂದು, ತುಸು ಕಹಿ, ಒಳಗೆ ಜೇನುಗೂಡಿನಂತೆ ತೂತು.
"ಇನ್ನೊಂದು ಪೊಟ್ಟಣ ಯಾವಾಗ ಹರಿಯುತ್ತೀರಿ?"
ಫ್ರಿಜ್ಜಿನ ಬಾಗಿಲಲ್ಲಿದೆ ಅದು,
ಮೊಟ್ಟೆಗಳ ಹಿಂದೆ,
ಏನನ್ನೂ ಬಿಡದೆ ತಿನ್ನುವಂಥದ್ದು.